ಅತ್ತೆಯ ತುಪ್ಪ, ನನ್ನ ಬಿಪಿ

ಹೋಳಿಗೆಯ ಮೇಲೆ ಅಡ್ಡ ಹಿಡಿದ ನನ್ನ ಅಂಗೈಗೇ ಅತ್ತೆ ತುಪ್ಪ ಸುರಿದುಬಿಟ್ಟರು. ತೊಂಬತ್ತರ ದಶಕದ ಒಂದು ಯುಗಾದಿ ಅದು. ಕಮಲಾಪುರದ ಅವರ ಮನೆಯಲ್ಲಿ ಅಳಿಯ ತುಪ್ಪ ಬೇಡವೆಂದರೆ ಮನೆತನದ ಮರ್ಯಾದೆಯೇ ಹೋದಂತೆ. ಹೊಟ್ಟೆ ಬೆಳೆದು ಬಿಪಿ ಏರಿದೆ, ಕಲಬುರಗಿಯ ಡಾಕ್ಟರು ತುಪ್ಪ ಮುಟ್ಟಬೇಡ ಅಂದಿದ್ದಾರೆ ಎಂದೆ. ಅತ್ತೆ ಕೆರಳಿದರು.

“ನನ್ನ ಅಳಿಯನ್ನ ಉಪವಾಸ ಕೆಡವಾಕ ಅವ ಯಾವ ಡಾಕ್ಟರ್ರೀ? ನಡೀರಿ, ನಾನೇ ಕೇಳ್ತೀನಿ!”

ಮರುದಿನವೇ ನನ್ನೊಂದಿಗೆ ಬಸ್ಸು ಹತ್ತಿದರು. ದವಾಖಾನೆಯ ಮೆಟ್ಟಿಲೇರುವಷ್ಟರಲ್ಲಿ ಏದುಸಿರು ಬಂದು, ಜಗಳಕ್ಕೆ ದನಿಯೇ ಉಳಿಯಲಿಲ್ಲ. ಡಾಕ್ಟರು ಅತ್ತೆಯನ್ನು ಕೂರಿಸಿ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಸುತ್ತು ಸಾಲದೆ ಅದು ಬಿಚ್ಚಿಕೊಂಡಿತು. ದೊಡ್ಡ ಪಟ್ಟಿ ತರಿಸಿ ನೋಡಿದರೆ ಅತ್ತೆಯ ಬಿಪಿ ನನ್ನದಕ್ಕಿಂತ ಮೇಲೆ!

“ಅಮ್ಮಾ, ಮೈಯಾಗ ಕೊಬ್ಬು ಏರಿದಂಗ ಹೃದಯಕ್ಕ ದುಡಿತ ಏರ್ತದ್ರಿ. ಹಿಂಗ ದುಡಿಸಿದ್ರ ಒಂದಿನ ನಿಂತೇಬಿಡ್ತದ. ಅಳಿಯ ಇರ್ಲಿ, ಮದಲ ನೀವು ತುಪ್ಪ ಬಂದ್ ಮಾಡ್ರಿ.”

ಅಂದಿನಿಂದ ಅತ್ತೆ ಅಳಿಯ ಎದುರುಬದುರು ಕೂತು ಒಣ ರೊಟ್ಟಿ ಅಗಿಯುತ್ತೇವೆ. ಮನೆಯ ತುಪ್ಪವೆಲ್ಲ ದೇವರ ದೀಪಕ್ಕೆ. ಆ ದೇವರ ಬಿಪಿ ನೋಡಲು ಇನ್ನೂ ಯಾವ ಡಾಕ್ಟರೂ ಬಂದಿಲ್ಲ.