ಕಿವಿ ಊದುವ ದುಂಡವ್ವ

ಮಿರಜದಲ್ಲಿ ಆ ಕಾಲಕ್ಕೆ ಹುಟ್ಟಿದ ಕೂಸುಗಳಲ್ಲಿ ಅರ್ಧದಷ್ಟಾದರೂ ದುಂಡವ್ವನ ಕಾಲ ಮೇಲೆ ಮಲಗಿ ಎರೆಸಿಕೊಂಡವು. ಅರ್ಧ ಹೆಚ್ಚಾಯಿತು ಅನ್ನುವವರು ಕಾಲುಭಾಗ ಅಂದುಕೊಳ್ಳಲಿ, ಅದಕ್ಕೇನು ಜಗಳವಿಲ್ಲ. ಬಾಣಂತಿ ಇದ್ದ ಮನೆಗೆ ಬೆಳಗಾಗುತ್ತಲೇ ಹೋಗುವಳು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ನೀಡಿ, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಳ್ಳುವಳು. ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹೊಯ್ದು, ಅದು ಅತ್ತು ಅತ್ತು ಕೆಂಪಗಾದ ಮೇಲೆ ಎತ್ತಿ, ಕಿವಿಗೆ ಬಾಯಿ ಹಚ್ಚಿ ‘ಉಫ್’ ಎಂದು ಊದುವಳು. ಕಿವಿಯಲ್ಲಿ ನೀರು ನಿಂತರೆ ಕೂಸಿಗೆ ನೋವು, ಕೂಸಿಗೆ ನೋವಾದರೆ ಮನೆಮಂದಿಗೆಲ್ಲ ಜಾಗರಣೆ. ಆಮೇಲೆ ಹಣೆಗೆ ಒಲೆಯ ಬೂದಿ, ಮೈಗೆ ಲೋಬಾನದ ಹೊಗೆ. ಕೂಸು ಕಣ್ಣು ಮುಚ್ಚುವಷ್ಟರಲ್ಲಿ ದುಂಡವ್ವ ಮುಂದಿನ ಮನೆಯ ದಾರಿ ಹಿಡಿದಿರುತ್ತಿದ್ದಳು.

ಇದನ್ನೆಲ್ಲ ಮೊದಲೇ ಹೇಳುವುದು ಯಾಕೆಂದರೆ, ಆಕೆಯ ಬಾಳು ಕೆಟ್ಟದ್ದು ಆ ಊದುವುದರಿಂದಲೇ.

ಕುರಿ ಸಾಕುವವರ ಮನೆಯ ಹೆಣ್ಣು. ಗಂಡ ಕುರಿ ಮೇಯಿಸಲು ದೂರ ಹೋದವನು ಜ್ವರ ಬಂದು ಅಲ್ಲೇ ತೀರಿಕೊಂಡ. ಎಳೆಯ ಮಗಳು ತಂಗೆವ್ವನನ್ನು ಕಂಕುಳಲ್ಲಿ ಇಟ್ಟುಕೊಂಡು ದುಂಡವ್ವ ಮಿರಜಕ್ಕೆ ಬಂದು, ಸತಾರ ವಾದ್ಯ ಮಾಡುವವರು ಕುಂಬಳದ ಬುರುಡೆಗಳನ್ನು ಸಾಲಾಗಿ ಒಣಗಲಿಡುವ ಓಣಿಯಲ್ಲಿ ಒಂದು ಖೋಲಿ ಹಿಡಿದಳು. ಉದ್ದ ಮೂಗು, ಒಳಗೆ ಹೋದ ಗಲ್ಲ, ಗದ್ದದ ಮೇಲೆ ದಟ್ಟ ಹಚ್ಚೆ. ಚೆಲುವೆ ಎಂದು ಯಾರೂ ಅನ್ನಲಾರರು. ಆದರೆ ಆಕೆಯ ಕೈಗೆ ಬಂದ ಕೂಸು ಅಳು ನಿಲ್ಲಿಸುತ್ತದೆ ಎಂದು ಓಣಿಯ ಹೆಂಗಸರು ಪೈಪೋಟಿ ಮಾಡಿ ಕರೆಯುತ್ತಿದ್ದರು. ತಂಗೆವ್ವನನ್ನು ಕವಲಾಪುರದ ಗುರಲಿಂಗನಿಗೆ ಕೊಟ್ಟಾಯಿತು. ಈಗ ತಂಗೆವ್ವ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು ಪದ್ಧತಿ. ಊರ ಮಂದಿಯ ಕೂಸುಗಳಿಗೆಲ್ಲ ಎರೆದ ಕೈಯಿಂದ ತನ್ನ ಮೊಮ್ಮಗುವಿಗೊಮ್ಮೆ ಎರೆಯಬೇಕು, ಅದೊಂದೇ ದುಂಡವ್ವನ ಆಸೆ.

ಇನ್ನು ಪಾರಿಸ ಮಾಸ್ತರರ ಕಥೆ, ಅದು ತಂಗೆವ್ವ ಇನ್ನೂ ಸಣ್ಣ ಹುಡುಗಿಯಿದ್ದಾಗಿನದು. ಅವರು ಸಂಸ್ಥಾನದ ಕಾಲದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಜೈನರ ಮನೆಯ ಮನುಷ್ಯ. ಸಂಸ್ಥಾನ ವಿಲೀನವಾದಾಗ ಯಾವ ಶಾಲೆ ಯಾರದು ಎಂಬ ಗದ್ದಲದಲ್ಲಿ ಅವರ ಕೆಲಸ ಎಲ್ಲೋ ಕಳೆದುಹೋಯಿತು. ಮನೆಯಲ್ಲಿ ಹೆಂಡತಿ ಇಂದುಬಾಯಿ ಬಾಣಂತಿ. ಮಾಸ್ತರರಿಗೆ ಮಾಡಲು ಬೇರೆ ಕಸುಬಿಲ್ಲ. ಬಚ್ಚಲ ಬಾಗಿಲಲ್ಲಿ ಕೂತು, ಕೂಸಿಗೆ ಎರೆಯುವ ದುಂಡವ್ವನನ್ನು ದಿನವೂ ಬರೆದರು. ಕಾಲು ನೀಡಿ ಕೂತಾಗ, ಹೊಗೆಯ ನಡುವೆ ಬಾಗಿದಾಗ, ಕಿವಿಗೆ ಬಾಯಿ ಹಚ್ಚಿದಾಗ. “ನನ್ನ ಮಾರಿ ಏನ ನೋಡತೀರಿ ಮಾಸ್ತರ್ರ, ಕೂಸಿನ್ನ ಬರೀರಿ” ಎಂದು ಆಕೆ ನಗುತ್ತಿದ್ದಳು.

ಆ ಚಿತ್ರಗಳಿಂದ ಮಕ್ಕಳ ಪುಸ್ತಕ ಹುಟ್ಟಿತು. ಮಾಟಗಿತ್ತಿ ಊದವ್ವ ಅಂತ ಒಬ್ಬಳು. ಮಕ್ಕಳ ಕಿವಿಯಲ್ಲಿ ಊದಿದಳೆಂದರೆ ಒಳಗಿನ ಕೆಮ್ಮು, ನೆಗಡಿ, ಹೆದರಿಕೆ ಎಲ್ಲ ಇನ್ನೊಂದು ಕಿವಿಯಿಂದ ಹಾರಿಹೋಗುತ್ತವೆ. ಹಾರಿಹೋದ ಹೆದರಿಕೆಯನ್ನು ಹಿಡಿದು ಸೋರೆಬುರುಡೆಯಲ್ಲಿ ಮುಚ್ಚಿಡುತ್ತಾಳೆ. ಸಾಂಗಲಿಯ ಛಾಪಖಾನೆಯ ಧನ್ಯಕುಮಾರ ಶೇಠರು ಚಿತ್ರಗಳ ಬ್ಲಾಕು ಮಾಡಿಸಿ ಅಚ್ಚು ಹಾಕಿದರು. ಅಥಣಿ, ರಾಯಬಾಗದ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಒಂದು ಹೋಗಿ ಎರಡಾಯಿತು, ಎರಡು ಹೋಗಿ ಮಾಲೆಯಾಯಿತು. ದುಂಡವ್ವನಿಗೆ ಓದು ಬರದು. ಮಾಸ್ತರರು ಓದಿ ಹೇಳಿದಾಗ ಹಿಗ್ಗಿ ಹೀರೇಕಾಯಿಯಾದಳು. ಎರೆಯಲು ಹೋದ ಮನೆಯಲ್ಲೆಲ್ಲ “ಆಕಿ ನಾನ ನೋಡ್ರಿ” ಎಂದು ಹೇಳಿಕೊಂಡು ತಿರುಗಿದಳು. ಯಾರೂ ಕೇಳದಿದ್ದರೂ ಹೇಳಿದಳು. ಪಾಪ, ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುತ್ತಿದ್ದೇನೆ ಎಂದು ಅವಳಿಗೇನು ಗೊತ್ತು.

ಮುಂದೆ ಭಾಷೆಯ ಮೇಲೆ ರಾಜ್ಯಗಳನ್ನು ಹಂಚಿದರು. ಅಥಣಿ, ರಾಯಬಾಗ ಮೈಸೂರು ರಾಜ್ಯಕ್ಕೆ ಹೋದವು, ಸಾಂಗಲಿ ಮಿರಜ ಮುಂಬಯಿ ರಾಜ್ಯದಲ್ಲಿ ಉಳಿದವು. ಆಚೆಯ ಶಾಲೆಗಳಿಗೆ ಆಚೆಯಿಂದಲೇ ಪುಸ್ತಕ ಬರತೊಡಗಿದವು. ಶೇಠರ ಅಟ್ಟದ ಮೇಲೆ ಊದವ್ವನ ಕಟ್ಟುಗಳು ಗೆದ್ದಲು ಹಿಡಿದವು. ಶೇಠರು ವ್ಯಾಪಾರಸ್ಥರು, ಸುಮ್ಮನೆ ಕೂಡುವ ಪೈಕಿಯಲ್ಲ. ಬ್ಲಾಕು ಹೇಗಿದ್ದರೂ ಇದ್ದವು. ಮರಾಠಿಯಲ್ಲಿ ಬರೆಯುವವರೊಬ್ಬರನ್ನು ಹಿಡಿದು, ಅವೇ ಚಿತ್ರಗಳ ಕೆಳಗೆ ಬೇರೆ ಕಥೆ ಬರೆಸಿದರು. ಬರೆದವರು ಕೂಸಿಗೆ ಎರೆಯುವುದನ್ನು ಎಂದೂ ಕಣ್ಣಲ್ಲಿ ಕಂಡವರಲ್ಲ. ಚಿತ್ರದಲ್ಲಿ ಕಂಡದ್ದು ಇಷ್ಟು: ಹಚ್ಚೆಯ ಮುದುಕಿ, ಸುತ್ತ ಹೊಗೆ, ಕಾಲ ಮೇಲೆ ಬತ್ತಲೆ ಕೂಸು, ಕೂಸಿನ ಕಿವಿಗೆ ಹಚ್ಚಿದ ಬಾಯಿ. ಅವರ ಕಥೆಯಲ್ಲಿ ಆಕೆ ಚೇಟಕೀಣ, ಅಂದರೆ ಕೇಡಿನ ಮಾಟಗಿತ್ತಿ. ಕಿವಿಯಿಂದ ಕೂಸಿನ ಉಸಿರು ಹೀರುತ್ತಾಳೆ, ಹೀರಿದ ಉಸಿರನ್ನು ಬುರುಡೆಯಲ್ಲಿ ತುಂಬಿಡುತ್ತಾಳೆ.

ಈ ಪುಸ್ತಕ ಬಿಸಿ ಭಜಿಯಂತೆ ಖರ್ಚಾಯಿತು. ಹೆದರಿಕೆಯ ರುಚಿ ಹತ್ತಿದ ಮಕ್ಕಳು ಬಿಡುತ್ತವೆಯೇ. ಗಾಜಿನ ಮೇಲೆ ಚಿತ್ರ ಬರೆದು, ಹಿಂದೆ ದೀಪವಿಟ್ಟು, ಶಾಲೆಯ ಗೋಡೆಯ ಮೇಲೆ ಆಳೆತ್ತರ ತೋರಿಸುವವನೊಬ್ಬ ಊರೂರು ತಿರುಗಿದ. ದುಂಡವ್ವನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಓಣಿಯ ಮಕ್ಕಳು ತನ್ನನ್ನು ಕಂಡು ಓಡುವುದನ್ನು ನೋಡಿದಳು, ಏನೋ ಆಟವಿರಬೇಕು ಎಂದುಕೊಂಡಳು.

ಒಂದು ಬೆಳಿಗ್ಗೆ ಸುನಂದಾಬಾಯಿಯ ಮನೆಯಲ್ಲಿ ಎರೆಯುತ್ತಿದ್ದಳು. ಸುನಂದಾಬಾಯಿಯ ಮೂವರು ಮಕ್ಕಳಿಗೂ ಎರೆದವಳು ಆಕೆಯೇ, ಇದು ನಾಲ್ಕನೆಯದು. ನೀರು ಹೊಯ್ದು, ಕೂಸನ್ನು ಎತ್ತಿ, ಕಿವಿಯ ಹತ್ತಿರ ಬಾಯಿ ಒಯ್ದಳು. ಬಾಗಿಲಲ್ಲಿ ನಿಂತ ಹಿರಿಯ ಹುಡುಗಿ ಕಿಟ್ಟನೆ ಚೀರಿದಳು. ಸುನಂದಾಬಾಯಿ ಓಡಿಬಂದು ಕೂಸನ್ನು ಕಸಿದುಕೊಂಡಳು. ಆಮೇಲೆ ತಾನು ಮಾಡಿದ್ದಕ್ಕೆ ತಾನೇ ನಾಚಿ, ಬೇರೆ ಕಡೆ ನೋಡುತ್ತ ಹೇಳಿದಳು:

“ಇಷ್ಟ ಸಾಕ, ದುಂಡವ್ವ. ನಾಳಿಂದ ನಾನ ಎರಕೋತೇನಿ.”

“ಯಾಕರಿ ಬಾಯಾರ, ಏನ ತಪ್ಪಾತು?”

“ತಪ್ಪಲ್ಲ. ಹುಡುಗೂರು ಅಂಜತಾವ.”

ಒದ್ದೆ ಕಾಲುಗಳನ್ನು ನೀಡಿಕೊಂಡು ಬರಿದೆ ಕೂತ ದುಂಡವ್ವನಿಗೆ ಎದ್ದು ಹೋಗಬೇಕು ಎಂಬುದೂ ತಿಳಿಯಲಿಲ್ಲ. ಹುಡುಗಿಯ ಕೈಯಲ್ಲಿ ಪುಸ್ತಕವಿತ್ತು. ರಟ್ಟಿನ ಮೇಲೆ ತನ್ನದೇ ಮುಖ.

ಅಲ್ಲಿಂದ ನೆಟ್ಟಗೆ ಪಾರಿಸ ಮಾಸ್ತರರ ಮನೆಗೆ ಹೋದಳು. ಮಾಸ್ತರರು ತಲೆ ತಗ್ಗಿಸಿಕೊಂಡು ಕಥೆಯನ್ನೆಲ್ಲ ಹೇಳಿದರು. ತಿಂಗಳುಗಟ್ಟಲೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ, ಈಗ ತಲೆ ತಗ್ಗಿಸಿ ಏನುಪಯೋಗ.

“ಹಂಗಲ್ಲಂತ ಹೇಳ್ರಿ ಮಾಸ್ತರ್ರ. ನಾ ಊದತೇನಿ, ಉಸರ ಜಗ್ಗೂದಿಲ್ಲಂತ ಬರೀರಿ.”

“ಬ್ಲಾಕು ಶೇಠರವು, ದುಂಡವ್ವ. ಹೋಗಿ ಕೇಳೇನಿ. ಕಥಿ ಅಂದರ ಕಥಿ, ಅದಕ್ಕ ಯಾರು ಅಂಜತಾರ ಅಂತ ನಕ್ಕರು.”

“ನನ್ನ ಮಗಳು ಬಸರಿ ಅದಾಳ್ರಿ” ಎಂದಳು ದುಂಡವ್ವ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಮಾಸ್ತರರಿಗೆ ಹೊಳೆಯಲಿಲ್ಲ. ಒಳಗಿನಿಂದ ಕೇಳಿಸಿಕೊಂಡ ಇಂದುಬಾಯಿಗೆ ಹೊಳೆಯಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಾಂಗಲಿ ಮೊದಲೇ ನಾಟಕದ ಹುಚ್ಚಿನ ಊರು. ಪುಸ್ತಕ ಆಯಿತು, ದೀಪದಾಟ ಆಯಿತು, ಇನ್ನು ನಾಟಕ ಆಗದೆ ಇದ್ದೀತೇ. ಅಲ್ಲಿನ ವಿಶ್ರಾಮಬಾಗದ ತರುಣರು ಸೇರಿ ಚೇಟಕೀಣಿಯ ಆಟ ಕಟ್ಟಿದರು. ದುಂಡವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನೋಡಲು ಹೋದಳು. ಹೋಗಬಾರದಿತ್ತು. ತನ್ನನ್ನು ಏನು ಮಾಡಿದ್ದಾರೆ ಎಂದು ಕಣ್ಣಾರೆ ನೋಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಪರದೆ ಎದ್ದಾಗ ಅಲ್ಲಿ ಕೂತಿದ್ದಳು ಅವಳೇ. ಅದೇ ಮಣೆ, ಅದೇ ನೀಡಿದ ಕಾಲು, ಗದ್ದದ ಮೇಲೆ ಅದೇ ಹಚ್ಚೆ. ಹೊಗೆ ಏಳುತ್ತಿತ್ತು. ಚೇಟಕೀಣಿ ಬಟ್ಟೆಯ ಕೂಸನ್ನು ಎತ್ತಿ, ಕಿವಿಗೆ ಬಾಯಿ ಹಚ್ಚಿ, ಗಲ್ಲ ಒಳಸರಿಯುವಂತೆ ಉಸಿರೆಳೆದಳು. ಒಳಗಿನಿಂದ ಯಾರೋ ಸತಾರದ ಒಂದೇ ತಂತಿಯನ್ನು ಎಳೆದೆಳೆದು ಮೀಟಿದರು. ಕೂಸಿನ ತಲೆ ಜೋತುಬಿತ್ತು. ಮಕ್ಕಳು ತಾಯಂದಿರ ಮಡಿಲಲ್ಲಿ ಮುಖ ಹುದುಗಿಸಿಕೊಂಡವು. ಎಲ್ಲರೂ ಆ ಮುದುಕಿಗೆ ಅಂಜಿದಂತೆ ದುಂಡವ್ವನೂ ಅಂಜಿದಳು. ಮಂದಿ ತನ್ನ ಗುರುತು ಹಿಡಿದಾರೆಂಬ ಅಂಜಿಕೆ ಆಮೇಲೆ ಬಂದದ್ದು. ಆಟ ಮುಗಿಯುವ ಮೊದಲೇ ಎದ್ದು ಹೊರಬಿದ್ದಳು. ದಾರಿಯಲ್ಲೊಂದು ಕಡೆ ನಿಂತು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಉಫ್’ ಎಂದು ಊದಿ ನೋಡಿದಳು. ಗಾಳಿ ಹೊರಗೇ ಬಂತು. ಆದರೂ ಸಮಾಧಾನವಾಗಲಿಲ್ಲ.

ಅದರ ಮರುತಿಂಗಳು ಸುನಂದಾಬಾಯಿಯ ಕೂಸು ತೀರಿಕೊಂಡಿತು. ನಾಯಿಕೆಮ್ಮು. ಆ ಚಳಿಗಾಲದಲ್ಲಿ ಊರಿನಲ್ಲಿ ಕೆಮ್ಮದ ಮಕ್ಕಳೇ ಇರಲಿಲ್ಲ. ಆದರೆ ಕೆಮ್ಮಿಗೆ ಮುಖವಿಲ್ಲ, ದುಂಡವ್ವನಿಗೆ ಮುಖವಿತ್ತು, ಅದೂ ಅಚ್ಚಾಗಿ ಮನೆಮನೆ ಸೇರಿದ್ದ ಮುಖ. ಕೂಸು ಉಸಿರು ಸಿಗದೆ ಸತ್ತಿತು ಎಂದು ಓಣಿ ಮಾತಾಡಿಕೊಂಡಿತು. ಸಂಜೆ ನಾಲ್ಕಾರು ಗಂಡಸರು ಬಂದು ಖೋಲಿಯ ಮುಂದೆ ನಿಂತರು. ದುಂಡವ್ವ ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅವರು ಬಯ್ಯಲಿಲ್ಲ, ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಚಲೋ ಇತ್ತು. ಸುಮ್ಮನೆ ನಿಂತಿದ್ದರು, ಬೀಡಿಯ ವಾಸನೆ ಸಂದಿಯಿಂದ ಒಳಗೆ ಬರುತ್ತಿತ್ತು. ಕಡೆಗೆ ಓಣಿಯ ಹಿರಿಯ ಜಿನಪ್ಪನ ದನಿ ಕೇಳಿಸಿತು.

“ದುಂಡವ್ವ, ನಿನಗ ನಾವೇನೂ ಮಾಡೂದಿಲ್ಲ. ಯಾರ ಕೂಸಿನ್ನೂ ಮುಟ್ಟಬ್ಯಾಡ. ಇಷ್ಟ.”

ಅವರು ಹೋದ ಮೇಲೂ ಆಕೆ ಬಾಗಿಲಿನಿಂದ ಬೆನ್ನು ತೆಗೆಯಲಿಲ್ಲ. ಇನ್ನು ಕವಲಾಪುರಕ್ಕೆ ಮಾತು ಮುಟ್ಟಲು ಎಷ್ಟು ಹೊತ್ತು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಮುಟ್ಟಿತು. ತಂಗೆವ್ವನನ್ನು ಹೆರಿಗೆಗೆ ಕರೆತರುವ ದಿನಗಳಲ್ಲಿ ಗುರಲಿಂಗ ಒಬ್ಬನೇ ಬಂದ. ಹೊಸ್ತಿಲ ಒಳಗೆ ಬರಲಿಲ್ಲ.

“ಅತ್ತಿಯಾರ, ಹೆರಿಗಿ ಅಲ್ಲೇ ಮಾಡಸ್ತೇವಿ. ನಮ್ಮವ್ವ ಹಂಗಂದಾಳ್ರಿ.”

“ನೀನೂ ನಂಬೀಯೇನಪಾ?”

“ನಾ ನಂಬಿಲ್ಲರಿ” ಎಂದ ಗುರಲಿಂಗ. ಆದರೂ ಅತ್ತೆ ಕೊಟ್ಟ ನೀರಿನ ತಂಬಿಗೆಯನ್ನು ಕೈಯಲ್ಲಿ ಹಿಡಿದನೇ ಹೊರತು ಕುಡಿಯಲಿಲ್ಲ.

ತಂಗೆವ್ವನಿಗೆ ಗಂಡು ಹುಟ್ಟಿತು. ಸುದ್ದಿ ಬಂದ ಮೇಲೂ ದುಂಡವ್ವ ಹೋಗಲಿಲ್ಲ, ಕರೆ ಬರಲಿ ಎಂದು ಕಾದಳು. ಕರೆ ಬಂತು, ಬೇರೆ ರೀತಿಯಲ್ಲಿ ಬಂತು. ಎರೆಯುವ ಹೆಂಗಸು ಹೊಸಬಳು, ಕೂಸಿನ ಕಿವಿಯಲ್ಲಿ ನೀರು ನಿಂತಿದೆ, ಹಗಲಿಲ್ಲ ಇರುಳಿಲ್ಲ ಅಳುತ್ತದೆ, ತಂಗೆವ್ವ ಹಟ ಹಿಡಿದು ಊಟ ಬಿಟ್ಟಿದ್ದಾಳೆ, ಬರಬೇಕಂತೆ.

ಕವಲಾಪುರದ ಮನೆಯ ಅಂಗಳದಲ್ಲಿ ಬೀಗತಿ ಇಂದ್ರವ್ವ ದಾರಿಗೆ ಅಡ್ಡ ನಿಂತಿದ್ದಳು. ಕೆಟ್ಟ ಹೆಂಗಸಲ್ಲ. ಮೊಮ್ಮಗನ ಮೇಲಿನ ಜೀವ ಅವಳನ್ನು ಹಾಗೆ ನಿಲ್ಲಿಸಿತ್ತು.

“ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ಎರೀರಿ. ಆದರ ಬಾಯಿಗೆ ಸೆರಗ ಕಟಗೋರಿ.”

ದುಂಡವ್ವ ಸೆರಗನ್ನು ಬಾಯಿಯ ಮೇಲಿನಿಂದ ತಂದು ಹಿಂದೆ ಗಂಟು ಹಾಕಿದಳು. ಮಣೆಯ ಮೇಲೆ ಕೂತು ಕಾಲು ನೀಡಿದಳು. ತಂಗೆವ್ವ ಕೂಸನ್ನು ತಂದು ಆ ಕಾಲುಗಳ ಮೇಲೆ ಮಲಗಿಸಿದಳು. ಹಗುರ ಮೈ, ತಂಗೆವ್ವ ಎಳೆಯದಿದ್ದಾಗ ಇದ್ದಂಥದೇ ಮೈ. ಎಣ್ಣೆ ಹಚ್ಚುವಾಗ ದುಂಡವ್ವನ ಕೈ ತನ್ನ ಕೆಲಸ ತಾನೇ ನೆನಪು ಮಾಡಿಕೊಂಡಿತು. ನೀರು ಹೊಯ್ದಳು. ಕೂಸು ಅತ್ತಿತು, ಬಿಕ್ಕಿತು, ಸುಮ್ಮನಾಗಿ ಕಣ್ಣು ಬಿಟ್ಟು ನೋಡಿತು. ಎಷ್ಟೋ ತಿಂಗಳ ಮೇಲೆ ಒಂದು ಮಗು ತನ್ನ ಮುಖವನ್ನು ಅಂಜದೆ ನೋಡುತ್ತಿದೆ ಎಂದು ದುಂಡವ್ವನ ಎದೆ ತುಂಬಿಬಂತು.

ಎರೆಯುವುದು ಮುಗಿಯಿತು. ಉಳಿದದ್ದು ಕಿವಿ.

ತಂಗೆವ್ವ ಅತ್ತೆಯ ಕಡೆ ನೋಡಲಿಲ್ಲ. ತಾಯಿಯ ಹಿಂದೆ ಬಂದು ಸೆರಗಿನ ಗಂಟು ಬಿಚ್ಚಿದಳು.

“ಊದ ಯವ್ವಾ. ನನಗ ನೀನ ಊದಿ ದೊಡ್ಡಾಕಿನ್ನ ಮಾಡೀದಿ.”

ಇಂದ್ರವ್ವ ಒಂದು ಹೆಜ್ಜೆ ಮುಂದೆ ಬಂದು ಹಾಗೇ ನಿಂತಳು. ಗುರಲಿಂಗ ಬಾಗಿಲಲ್ಲಿ ನಿಂತಿದ್ದ. ಯಾರೂ ಬೇಡ ಅನ್ನಲಿಲ್ಲ.

ದುಂಡವ್ವ ಕೂಸನ್ನು ಎತ್ತಿಕೊಂಡಳು. ಒದ್ದೆ ಕಿವಿ ತುಟಿಯ ಹತ್ತಿರ ಬಂತು. ಕೂಸಿನ ಎದೆ ಏಳುವುದು, ಇಳಿಯುವುದು ಅವಳ ಅಂಗೈಗೆ ಸಿಗುತ್ತಿತ್ತು. ಆಗ ರಂಗದ ಮೇಲಿನ ಮುದುಕಿಯ ಗಲ್ಲ ಒಳಸರಿದದ್ದು ಕಣ್ಣಿಗೆ ಕಟ್ಟಿತು, ಸುನಂದಾಬಾಯಿಯ ಕೂಸು ನೆನಪಿಗೆ ಬಂತು. ಅಷ್ಟು ಮಂದಿ ಹೇಳುವಾಗ ಎಲ್ಲರೂ ಸುಳ್ಳು ಹೇಳಿಯಾರೇ? ಊದುತ್ತೇನೆ ಎಂದುಕೊಂಡೇ ಇಷ್ಟು ವರ್ಷ ತಾನು ಎಳೆದಿದ್ದರೆ? ತನಗೇ ಗೊತ್ತಿಲ್ಲದೆ?

“ನನ್ನ ಕೈಲೆ ಆಗೂದಿಲ್ಲ, ತಂಗಿ. ನೀನ ಊದ” ಎಂದು ಕೂಸನ್ನು ಮಗಳ ಕೈಗೆ ಕೊಟ್ಟಳು.

ತಂಗೆವ್ವ ಅಳುತ್ತಲೇ ಊದಿದಳು, ಮೊದಲ ಸಲ ಸೊಟ್ಟಗೆ, ಎರಡನೆಯ ಸಲ ಸರಿಯಾಗಿ. ದುಂಡವ್ವ ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈಗಳಿಂದ ಬಾಯಿ ಮೂಗು ಒತ್ತಿ ಹಿಡಿದು, ಕೂಸನ್ನು ಒಳಗೆ ಒಯ್ಯುವ ತನಕ ಉಸಿರು ಎಳೆಯದೆ ಕೂತಳು.