ಹನುಮವ್ವನ ಪಾದವೂ ಹದಿಮೂರೂವರೆಯೂ

ಹಗ್ಗದ ಮೇಲೆ ಹರವಿದ ಬಟ್ಟೆ ಒಣಗಿದೆಯೋ ಇಲ್ಲವೋ ಎಂಬ ಮಹಾಪ್ರಶ್ನೆಯನ್ನು ನಿರ್ಣಯಿಸುವ ಅಧಿಕಾರ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ನನಗಿಲ್ಲ. ನನ್ನಾಕೆ ಅದನ್ನು ಕೆನ್ನೆಗೆ ಒತ್ತಿ ತೀರ್ಪು ಕೊಡುತ್ತಾಳೆ, ನಾನು ಮಡಚುತ್ತೇನೆ. ತೇವ ಅಳೆಯುವುದೇ ಕೆಲವು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಅದರ ಕಥೆ ಕೇಳಿದರೆ ಈ ವ್ಯವಸ್ಥೆ ನ್ಯಾಯವಾದದ್ದೆಂದು ನೀವೂ ಒಪ್ಪುತ್ತೀರಿ.

ಗಣಿಯ ಅಬ್ಬರದ ದಿನಗಳವು. ಸಂಡೂರಿನ ಕೆಂಪು ಧೂಳು ಹೊಸಪೇಟೆಯ ಬಿಳಿ ಪಂಚೆಗಳಿಗೆಲ್ಲ ಜಾತಿಭೇದವಿಲ್ಲದೆ ಕಾಷಾಯದೀಕ್ಷೆ ಕೊಡುತ್ತಿದ್ದ ಆ ಕಾಲದಲ್ಲಿ ಬುದ್ಧಿವಂತರೆಲ್ಲ ಅದಿರಿನ ಹಿಂದೆ ಹೋದರು. ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಗುಣಮಟ್ಟ ಪರೀಕ್ಷಕನಾದೆ. ಭತ್ತ ಹಸಿಯಿದ್ದರೂ ನುಚ್ಚು, ಅತಿಯಾಗಿ ಒಣಗಿದರೂ ನುಚ್ಚು. ಸ್ವಭಾವದಲ್ಲಿ ಥೇಟ್ ಮನುಷ್ಯನೇ. ನೂರಕ್ಕೆ ಹದಿಮೂರು, ಹದಿನಾಲ್ಕು ಪಾಲು ನೀರು ಉಳಿದಿದ್ದರೆ ಅದು ಹದ.

ಆ ಹದವನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದವಳು ಭತ್ತ ಒಣಗಿಸುವ ಕಣದ ಹಿರಿಯಾಳು ಹನುಮವ್ವ. ಬರಿಗಾಲನ್ನು ಭತ್ತದೊಳಗೆ ಎಳೆಯುತ್ತ, ಹಿಂದೆ ನೇಗಿಲ ಸಾಲಿನಂಥ ಗೆರೆ ಬಿಡುತ್ತ, ಕಣದ ಆ ತುದಿ ಮುಟ್ಟುವಷ್ಟರಲ್ಲಿ ಅವಳ ತೀರ್ಪು ಸಿದ್ಧ. ನಾನು ತಂದ ತೇವಮಾಪಕ ಯಂತ್ರವಾದರೋ ಒಂದು ಹಿಡಿ ಭತ್ತ ನುಂಗಿ ಕ್ಷಣದಲ್ಲಿ ಅಂಕ ಉಸುರುತ್ತಿತ್ತು. ಗಿರಣಿಯ ಒಡೆಯರಾದ ಸಾವ್ಕಾರರು ಅದಕ್ಕೆ ಮೋಹಗೊಂಡರು.

"ಇನ್ನ ಮಿಷನ್ ಹೇಳಿದ್ದೇ ಮಾತು. ಹನುಮವ್ವ, ನೀ ಚೀಲ ಹೊಲಿಯಾಕ ಕುಂದ್ರು."

ಕಣ ಆಳಿದವಳ ಕೈಗೆ ದಬ್ಬಣ!

ಮರುದಿನ ಮಧ್ಯಾಹ್ನ ಯಂತ್ರ ಹದಿಮೂರೂವರೆ ಎಂದಿತು. ನಾನು ಸಕಲ ಗಾಂಭೀರ್ಯದಿಂದ ರುಜು ಹಾಕುತ್ತಿದ್ದಾಗ ಹನುಮವ್ವ ಚೀಲಗಳ ನಡುವಿನಿಂದೆದ್ದು ಬಂದು, ಕಣದಲ್ಲಿ ಒಂದು ಸಾಲು ನಡೆದಳು.

"ಇದು ಆಗಿಲ್ರಿ ಸಾಹೇಬ್ರ. ಮ್ಯಾಲ ಒಣಗೈತಿ, ಹೊಟ್ಟ್ಯಾಗ ಹಸಿ ಐತಿ. ಕಾಲಿಗೆ ಇನ್ನಾ ಭಾರ ಹತ್ತತೈತಿ."

"ಮಿಷನ್‌ಗಿಂತ ನಿನ್ನ ಕಾಲು ಶಾಣ್ಯಾ ಏನಬೇ?" ಎಂದು ಸಾವ್ಕಾರರು ನಕ್ಕರು.

"ಗುಡ್ಡಿ ಹಾಕಿ ತಾಡಪತ್ರಿ ಹೊದಿಸ್ರಿ, ಮುಂಜಾನೆ ನೋಡೂಣು. ನಂದು ತಪ್ಪಾದ್ರ ದಬ್ಬಣ ಹಿಡಿದು ಬಾಯಿ ಮುಚ್ಚತೀನಿ. ಖರೇ ಆದ್ರ ಕಣ ನಂದು."

ಮುಂಜಾನೆ ರಾಶಿಯೊಳಗೆ ಕೈ ಹಾಕಿದೆ; ಬೆಚ್ಚಗಿತ್ತು. ಯಂತ್ರ ಹದಿನಾರು ಎಂದಿತು. ಮತ್ತೊಂದು ಹಿಡಿ ಉಣಿಸಿದೆ, ಹದಿನಾರೇ. ಕಾಳಿನ ಗರ್ಭದಲ್ಲಿದ್ದ ನೀರು ರಾಶಿಯಲ್ಲಿ ಬೆವೆತು ಸಿಪ್ಪೆಗೆ ಬಂದಿತ್ತು. ಬಿಸಿಲಿನಿಂದ ಆಗಷ್ಟೇ ಎತ್ತಿದ ಭತ್ತದಲ್ಲಿ ಯಂತ್ರ ಸಿಪ್ಪೆಯನ್ನು ನಂಬಿತ್ತು, ನಾನು ಯಂತ್ರವನ್ನು ನಂಬಿದ್ದೆ. ಹಿಂದಿನ ದಿನವೇ ಗಿರಣಿಗೆ ಸುರಿದಿದ್ದರೆ ಇಡೀ ಕಣ ನುಚ್ಚಾಗುತ್ತಿತ್ತು. ನನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ಯಂತ್ರಕ್ಕೆ ಅರ್ಪಿಸಿದೆ.

"ಅದನ್ನ ಯಾಕ ಬೈತೀರಿ ಸಾಹೇಬ್ರ?" ಎಂದಳು ಹನುಮವ್ವ. "ಪಾಪ, ಅದಕ್ಕ ಕಾಲಿಲ್ಲ."

ಕ್ಷಮೆ ಕೇಳುವ ಅಭ್ಯಾಸವಿಲ್ಲದ ಸಾವ್ಕಾರರು ತಮ್ಮ ಕಚೇರಿಯ ಕಿಟಕಿಯಿಂದ ಆಕಾಶ ನೋಡುತ್ತ, "ಬಿಸಿಲು ಏರಾಕತ್ತೈತಿ, ಕಣ ಹರವಾಕ ಯಾರೂ ಇಲ್ಲೇನು?" ಎಂದು ಗದರಿದರು. ಹನುಮವ್ವ ದಬ್ಬಣವನ್ನು ಅವರ ಮೇಜಿನ ಮೇಲೇ ಇಟ್ಟು ಸೆರಗು ಸಿಕ್ಕಿಸಿದಳು. ಬಾಗಿಲಲ್ಲಿ ತಿರುಗಿ, "ಬೂಟು ಬಿಚ್ಚಿ ಬರ್ರಿ ಸಾಹೇಬ್ರ" ಎಂದಳು.

ಹೋದೆ. ಅವಳು ಬಿಟ್ಟ ಸಾಲಿನಲ್ಲೇ ಪಾದ ಎಳೆಯುತ್ತ ಕಣದ ತುದಿ ಮುಟ್ಟಿದೆ.

"ಏನ್ ಗೊತ್ತಾತು?"

ಕಣ್ಣು ಮುಚ್ಚಿ, ಋಷಿಯಂತೆ ಯೋಚಿಸಿ, "ಹದಿನೈದು" ಎಂದೆ.

"ಅಂಗಾಲು ಸುಟ್ಟಿದ್ದಷ್ಟ ಗೊತ್ತಾಗೈತಿ, ಹೌದಿಲ್ಲೋ?"

ಹೌದೆಂದೆ.

"ಹಂಗಾರ ಇನ್ನೊಂದು ಸಾಲು ನಡೀರಿ" ಎಂದಳು ಗುರು.