ಜೀಪಿನ ನೆಲಕ್ಕೆ ಅಜ್ಜನ ಹಂಡೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ತನ್ನ ಹಳೆಯ ಜೀಪಿಗೆ ಇನ್ನೊಬ್ಬರ ಕೈ ತಾಗಲು ಬಿಡುವ ಮನುಷ್ಯನಲ್ಲ. ಗ್ಯಾರೇಜಿನವರೆಲ್ಲ ಕಳ್ಳರು, ಮೆಕ್ಯಾನಿಕ್‌ಗಳೆಲ್ಲ ನಿನ್ನೆ ಮೊನ್ನೆ ಕಣ್ಣು ಬಿಟ್ಟವರು, ಗಾಡಿಯ ವಿಷಯ ತಿಳಿದವರು ಇಡೀ ಕಡಬದಲ್ಲಿ ಒಬ್ಬರೇ, ಅದು ಅವರು. ಈ ಮಾತನ್ನು ಅವರು ಮದುವೆ ಮನೆಯ ಪಂಕ್ತಿಯಲ್ಲಿ ಹೇಳುತ್ತಾರೆ, ಸಾವಿನ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೂ ಹೇಳಿದ್ದನ್ನು ನಾನು ಕೇಳಿದ್ದೇನೆ. ಕೇಳಿದವರು ತಲೆ ಆಡಿಸುತ್ತಾರೆ. ತಲೆ ಆಡಿಸುವವರ ಗಂಟೇನು ಹೋಗುತ್ತದೆ? ಆ ಜೀಪಿನ ಎಡಗಡೆಯ ಸೀಟಿನಲ್ಲಿ ದಿನಾ ಕೂರಬೇಕಾದವಳು ನನ್ನ ಅಕ್ಕ.

ಅಕ್ಕನಿಗೆ ಕಡಬ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇದೆ. ಬೆಳಿಗ್ಗೆ ಭಾವನೇ ಬಿಡಬೇಕು, ಸಂಜೆ ಭಾವನೇ ಕರೆತರಬೇಕು. ಮನೆಯ ಎದುರೇ ಬಸ್ಸು ನಿಲ್ಲುತ್ತದೆ. ಆದರೆ ಜೀಪಿರುವ ಮನೆಯ ಹೆಂಗಸು ಬಸ್ಸಿಗೆ ಕೈ ಅಡ್ಡ ಹಿಡಿದರೆ ಮರ್ಯಾದೆ ಹೋಗುತ್ತದಂತೆ. ಯಾರ ಮರ್ಯಾದೆ ಎಂದು ಕೇಳಬಾರದು.

ಆ ಜೀಪಿನ ನೆಲವನ್ನು ತಿಂದದ್ದು ಮೈಲುತುತ್ತು. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಭಾವ ಮೈಲುತುತ್ತು ಕದಡಿದ ಡ್ರಮ್ಮುಗಳನ್ನು ಹಿಂದೆ ಇಟ್ಟುಕೊಂಡು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಮುಚ್ಚಳ ಬಿಗಿ ಮಾಡುವುದು ಅವರ ಅಂತಸ್ತಿಗೆ ಕಡಿಮೆ. ಇಳಿಜಾರಿನಲ್ಲಿ ಚೆಲ್ಲಿದ ನೀಲಿ ನೀರು ಮುಂದಕ್ಕೆ ಹರಿದು ಅಕ್ಕನ ಕಾಲಬುಡದಲ್ಲಿ ನಿಲ್ಲುತ್ತದೆ. ಕಬ್ಬಿಣ ಎಷ್ಟು ಮಳೆಗಾಲ ತಡೆದೀತು? ರಬ್ಬರ್ ಮ್ಯಾಟ್ ಎತ್ತಿದರೆ ಕೆಳಗೆ ಡಾಮರು ಕಾಣುತ್ತಿತ್ತು.

ಅಂಥ ತೂತು ನನ್ನ ಗಾಡಿಯಲ್ಲೂ ಆಗಿತ್ತು. ನನ್ನದು ಸುಳ್ಯದ ಹತ್ತಿರ, ಆಲೆಟ್ಟಿಯಲ್ಲಿ ಒಂದು ನರ್ಸರಿ. ಗಿಡ ಸಾಗಿಸುವ ಪಿಕಪ್ಪಿನ ನೆಲ ನೀರು ಕುಡಿದು ಕುಡಿದು ಕೊಳೆತಿತ್ತು. ವೆಲ್ಡಿಂಗ್ ಮಾಡಿಸೋಣವೆಂದರೆ ತಗಡು ತೆಳು, ಬೆಂಕಿ ತಾಗಿದರೆ ತೂತು ಇನ್ನೂ ದೊಡ್ಡದಾಗುತ್ತದೆ, ಪಕ್ಕದಲ್ಲೇ ಡೀಸೆಲ್ ಪೈಪು ಬೇರೆ. ನಾನೇ ಕೂತು ಕೊಳೆತ ಭಾಗವನ್ನೆಲ್ಲ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿದೆ. ತಂತಿಯ ಬ್ರಷ್ಷಿನಲ್ಲಿ ತಿಕ್ಕಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಅಗಲವಾದ ಹೊಸ ತಗಡನ್ನು ಅಂಟು ಹಾಕಿ ಕೂರಿಸಿ, ಸುತ್ತ ರಿವೆಟ್ ಹೊಡೆದೆ. ಸೀಟಿನ ಬೋಲ್ಟು ಇರುವ ಜಾಗಕ್ಕೆ ತುಕ್ಕು ಹೋಗಿರಲಿಲ್ಲ. ಹೋಗಿದ್ದರೆ ರಿವೆಟ್ಟನ್ನು ನಂಬುತ್ತಿರಲಿಲ್ಲ, ಭಾರ ಹೊರುವ ಜಾಗಕ್ಕೆ ಅದು ಸಾಲದು. ಇಷ್ಟು ತಿಳಿಯಲು ದೊಡ್ಡ ವಿದ್ಯೆ ಏನೂ ಬೇಡ.

ಭಾವ ಬಂದು ನೋಡಿದರು. ಚಪ್ಪಲಿಯ ತುದಿಯಲ್ಲಿ ನನ್ನ ತಗಡನ್ನು ಕುಟ್ಟಿ, "ಇದೆಂತ ಮಾರಾಯ್ತಿ, ರವಿಕೆಗೆ ಗುಂಡಿ ಇಟ್ಟ ಹಾಗೆ ಉಂಟು! ನಾನು ನನ್ನ ಜೀಪಿಗೆ ಮಾಡುದನ್ನು ನೋಡು," ಎಂದರು.

"ನೋಡುವ ಭಾವ. ಅಕ್ಕನ ಕಾಲು ಉಳಿದ್ರೆ ಸಾಕು," ಎಂದೆ. ಭಾವ ಹೋ ಎಂದು ನಕ್ಕರು. ಹೆಂಡತಿಯ ತಂಗಿ ಭಾವನಿಗೆ ಏನು ಹೇಳಿದರೂ ಅದು ತಮಾಷೆ ಎಂದೇ ನಮ್ಮಲ್ಲಿ ಲೆಕ್ಕ. ಹಾಗಾಗಿ ನಾನು ಎಷ್ಟು ನಿಜ ಹೇಳಿದರೂ ಅವರಿಗೆ ನಾಟುವುದಿಲ್ಲ.

ಮುಂದೆ ಅವರು ಮಾಡಿದ್ದೇನು ಗೊತ್ತೇ? ಅಟ್ಟದಲ್ಲಿ ಅವರ ಅಜ್ಜನ ಕಾಲದ ಸ್ನಾನದ ಹಂಡೆಯೊಂದಿತ್ತು, ದಪ್ಪ ತಾಮ್ರದ್ದು. ಅದನ್ನು ಇಳಿಸಿ, ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಜೀಪಿನ ತೂತಿನ ಮೇಲೆ ಮಲಗಿಸಿ ರಿವೆಟ್ ಹೊಡೆದರು. ತಾಮ್ರಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ! ಕೆಳಗಿನ ಕೊಳೆತ ಕಬ್ಬಿಣವನ್ನು ಕತ್ತರಿಸಲಿಲ್ಲ, ತಿಕ್ಕಲೂ ಇಲ್ಲ. "ತಿಕ್ಕಿದ್ರೆ ಇದ್ದದ್ದೂ ಹೋಗ್ತದೆ," ಎಂದರು. ತೂತು ಸೀಟಿನ ಮುಂದಿನ ಬೋಲ್ಟಿನ ತನಕ ಹೋಗಿತ್ತು. ಬೋಲ್ಟನ್ನೂ ತಾಮ್ರದ ಮೇಲಿಂದಲೇ ಬಿಗಿದು, ನಿಂಬೆಹುಳಿ ಹಾಕಿ ಉಜ್ಜಿ ಹೊಳಪು ಬರಿಸಿದರು. ಬಂದವರಿಗೆಲ್ಲ ಮ್ಯಾಟ್ ಎತ್ತಿ ತೋರಿಸಿದರು. ದೇವರ ಕೋಣೆ ತೋರಿಸುವಾಗಲೂ ಅವರಿಗೆ ಅಷ್ಟು ಉತ್ಸಾಹ ಇರುವುದಿಲ್ಲ.

ಸಿಟ್ಟು ಬರುವುದು ಇಲ್ಲಿ. ಮೈಲುತುತ್ತಿಗೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ನಮ್ಮಲ್ಲಿ ಕತ್ತಿಯ ಬಾಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿ ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಮೈಲುತುತ್ತಿನೊಳಗಿನ ತಾಮ್ರ. ಅದು ಕತ್ತಿಯ ಮೇಲೆ ಕೂತಷ್ಟೂ ಕತ್ತಿಯ ಕಬ್ಬಿಣ ಕರಗುತ್ತದೆ. ಊರಿಗೆಲ್ಲ ಆ ಪರೀಕ್ಷೆ ಮಾಡಿಕೊಡುವುದು ಇದೇ ಭಾವ! "ಕಬ್ಬಿಣದ ಡ್ರಮ್ಮಲ್ಲಿ ಕಲಸ್ಬೇಡಿ ಮಾರಾಯ್ರೆ, ತಿಂದು ಹಾಕ್ತದೆ," ಎಂದು ಮಂದಿಗೆ ಉಪದೇಶ ಮಾಡುವುದೂ ಇವರೇ. ಅಂಥ ಮಹಾನುಭಾವರು ಕಬ್ಬಿಣದ ನೆಲಕ್ಕೆ ತಾಮ್ರ ಜಡಿದು, ಅದರ ಮೇಲೆ ಮತ್ತೆ ಅದೇ ಮೈಲುತುತ್ತು ಚೆಲ್ಲಿಕೊಂಡು ಓಡಾಡಿದರು.

ನಾನು ಮುಖಕ್ಕೇ ಹೇಳಿದೆ. "ಭಾವ, ತಾಮ್ರ ಮತ್ತು ಕಬ್ಬಿಣ ಒದ್ದೆಯಲ್ಲಿ ಒಟ್ಟಿಗಿದ್ರೆ ಕಬ್ಬಿಣ ಹೋಗ್ತದೆ. ನಿಮ್ಮ ಕತ್ತಿಗೆ ಗೊತ್ತುಂಟು, ನಿಮಗೆ ಗೊತ್ತಿಲ್ವಾ?"

"ಅದು ಮದ್ದು, ಇದು ಹಂಡೆ. ಅಜ್ಜ ಅರುವತ್ತು ವರ್ಷ ಬಿಸಿನೀರು ಮಿಂದ ಹಂಡೆ. ನೀನು ಗಿಡಕ್ಕೆ ಗೊಬ್ಬರ ಹಾಕು, ಹೋಗು," ಎಂದರು. ಮತ್ತೆ ಅದೇ ನಗು.

ಆಮೇಲೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಜೀಪು ಹತ್ತಿದ ಕೂಡಲೇ ಅಕ್ಕ ಎರಡೂ ಕಾಲುಗಳನ್ನು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಕಡಬದ ತನಕ ಹಾಗೆಯೇ, ಸೀರೆಯ ನೆರಿಗೆ ಹಿಡಿದುಕೊಂಡು. ಕೇಳಿದರೆ, "ತಾಮ್ರ ಅಲ್ವಾ, ಕಲಶಕ್ಕೆ ಇಡುವಂಥದ್ದು. ಮೆಟ್ಟುದು ಬೇಡ ಅಂತ," ಎಂದಳು. ಭಾವನಿಗೆ ಅದನ್ನು ಕೇಳಿ ಎದೆಯುಬ್ಬಿತು. ಮೂರ್ಖರನ್ನು ಮೆಚ್ಚಿಸುವುದು ಎಷ್ಟು ಸುಲಭ! ಅವಳು ಹೆದರಿ ಕಾಲು ಎತ್ತಿಕೊಂಡದ್ದು ಎಂದು ನನಗೆ ಗೊತ್ತಾಯಿತು.

ಆ ಮಳೆಗಾಲ ಕಳೆದ ಮೇಲೆ ಪುತ್ತೂರಿನಲ್ಲಿ ನೆಂಟರ ಹೊಸ ಮನೆಯ ಒಕ್ಕಲಿತ್ತು. ಅಕ್ಕನ ಜೊತೆ ಹೋಗೋಣವೆಂದು ನಾನು ಹಿಂದಿನ ದಿನವೇ ಬಸ್ಸಿನಲ್ಲಿ ಅವಳ ಮನೆಗೆ ಬಂದಿದ್ದೆ. "ಬಸ್ಸಲ್ಲೇ ಹೋಗುವ ಅಕ್ಕ," ಎಂದೆ. "ಜೀಪು ಇರುವಾಗ ಬಸ್ಸೆಂತಕೆ?" ಎಂದು ಭಾವ ಹಾರನ್ ಹೊಡೆದರು. ಅಕ್ಕ ಹೋಗಿ ತನ್ನ ಜಾಗದಲ್ಲಿ ಕಾಲು ಮಡಚಿ ಕೂತಳು. ಅವಳೊಬ್ಬಳನ್ನೇ ಬಿಡಲು ಮನಸ್ಸಾಗದೆ ನಾನು ಹಿಂದೆ ಹತ್ತಿದೆ.

ನರಿಮೊಗರು ಸಮೀಪಿಸುವಾಗ ಒಂದು ಹಂಪ್ ಬಂತು. ಮುಂದಿನ ಚಕ್ರ ಹತ್ತಿ ಇಳಿಯಿತು. ದಡ್ ಎಂದು ಏನೋ ಕಿತ್ತ ಶಬ್ದ, ಆಮೇಲೆ ರಸ್ತೆಯ ಮೇಲೆ ಕಂಚಿನ ತಟ್ಟೆ ಬಿದ್ದಂಥ ಸದ್ದು. ತಾಮ್ರ ತನ್ನ ಸುತ್ತಲಿನ ಕೊಳೆತ ನೆಲವನ್ನೂ ಕಿತ್ತುಕೊಂಡು ಕೆಳಗೆ ಹೋಗಿತ್ತು. ಬೋಲ್ಟಿಗೆ ಹಿಡಿತವಿಲ್ಲದೆ ಸೀಟು ಮುಗ್ಗರಿಸಿತು. ಮುಂದಕ್ಕೆ ಜಾರಿದ ಅಕ್ಕನ ಬಲಗಾಲು ಮೊಣಕಾಲಿನ ತನಕ ತೂತಿನೊಳಗೆ ಇಳಿಯಿತು. ನಾನು ಹಿಂದಿನಿಂದ ಅವಳ ಎರಡೂ ಕಂಕುಳಿಗೆ ಕೈ ಹಾಕಿ ಎಳೆದು ಹಿಡಿದೆ, "ನಿಲ್ಸಿ ಭಾವ! ನಿಲ್ಸಿ!" ಎಂದು ಕಿರುಚಿದೆ. ಹಂಪ್ ಆದ್ದರಿಂದ ಜೀಪು ಮೆಲ್ಲಗಿತ್ತು. ಹಾಗಾಗಿ ಕಾಲು ಉಳಿಯಿತು. ಹರಿದ ತಗಡು ಮಾತ್ರ ಕಣಕಾಲಿನಿಂದ ಮೇಲಕ್ಕೆ ಉದ್ದಕ್ಕೆ ಗೀರಿ, ಹೊಸ ಸೀರೆಗೆಲ್ಲ ರಕ್ತ.

ಭಾವ ಜೀಪು ನಿಲ್ಲಿಸಿದರು, ಜಿಗಿದು ಇಳಿದರು. ಈ ಕಡೆ ಬರುತ್ತಾರೆ ಎಂದುಕೊಂಡೆ. ಅವರು ಹಿಂದಕ್ಕೆ ಓಡಿದರು. ಹಿಂದಿನಿಂದ ಬರುವ ಲಾರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ರಸ್ತೆಯಿಂದ ತಾಮ್ರವನ್ನು ಎತ್ತಿಕೊಂಡು, ಪಂಚೆಯ ತುದಿಯಲ್ಲಿ ಒರೆಸುತ್ತಾ ಬಂದರು. ಅಷ್ಟರಲ್ಲಿ ನಾನು ಅಕ್ಕನ ಕಾಲನ್ನು ಬಿಡಿಸಿ, ಅವಳನ್ನು ಡ್ರೈವರ್ ಸೀಟಿನ ಕಡೆಯಿಂದ ಇಳಿಸಿ, ಗಾಯಕ್ಕೆ ನನ್ನ ಸೆರಗು ಒತ್ತಿ ಹಿಡಿದಿದ್ದೆ.

"ನೋಡಿ, ನೋಡಿ! ಒಂದು ಗೀರೂ ಬಿದ್ದಿಲ್ಲ," ಎಂದರು ಭಾವ, ತಾಮ್ರವನ್ನು ನಮ್ಮೆದುರು ಎತ್ತಿ ಹಿಡಿದು.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು. ಅದನ್ನು ಹೇಳುವ ಮೊದಲೇ ಅಕ್ಕ ನನ್ನ ಕೈ ಅದುಮಿದಳು.

"ನೋಡಿದೆ," ಎಂದಳು ಅವಳು. "ನಾನು ಇಲ್ಲಿ ಸಿಕ್ಕಿ ಬಿದ್ದಿರುವಾಗ ನೀವು ಅದನ್ನು ಹೆಕ್ಲಿಕ್ಕೆ ಓಡಿದ್ದನ್ನೂ ನೋಡಿದೆ."

ಈ ಸಲ ಭಾವ ನಗಲಿಲ್ಲ. ಅವರು ತಾಮ್ರವನ್ನು ಎಲ್ಲಿಡುವುದೆಂದು ಹುಡುಕುತ್ತಿರುವಾಗ ತಿರುವಿನಲ್ಲಿ ಪುತ್ತೂರಿನ ಬಸ್ಸು ಕಾಣಿಸಿತು. ಅಕ್ಕ ನನ್ನ ಹೆಗಲಿಂದ ಕೈ ತೆಗೆದು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು, ಮದುವೆಯಾದ ಮೇಲೆ ಮೊದಲ ಬಾರಿಗೆ ಬಸ್ಸಿಗೆ ಕೈ ಅಡ್ಡ ಹಿಡಿದಳು.